ಬೆಟ್ಟ ದಾಟಿದ ದಂಡೂ ನಮ್ಮ ಶಿಲ್ಪಿಗಳೂ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ಸೀಮೆಯ ಪಡುವಣ ಭಾಗದಲ್ಲಿ ದಡ್ಡಿ ಎಂಬ ಗ್ರಾಮವುಂಟು. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ಮೂಡಲ ಮುಖವಾಗಿ ಹರಿದು, ಈ ಸೀಮೆಯನ್ನು ಹಾದು, ಹಿಡಕಲ್ಲಿನ ಜಲಾಶಯದಲ್ಲಿ ತಂಗಿ, ಗೋಕಾಕದಲ್ಲಿ 52 ಮೀಟರುಗಳ ಎತ್ತರದಿಂದ ಧುಮುಕುತ್ತದೆ. ಇಲ್ಲಿಂದ ಪಡುವಣಕ್ಕೆ ನಡೆದರೆ ನೆಲವು ಮೆಲ್ಲಮೆಲ್ಲನೆ ಏರಿ, ಘಟ್ಟದ ನೆತ್ತಿಯನ್ನು ಮುಟ್ಟಿ, ಅಲ್ಲಿಂದ ಒಮ್ಮೆಲೇ ಕೊಂಕಣಕ್ಕೆ ಇಳಿದುಬಿಡುತ್ತದೆ. ಉಪ್ಪು, ತೆಂಗಿನಕಾಯಿಗಳು ಮೇಲೇರಿ ಬಂದದ್ದೂ, ಮೇಲಣ ಸೀಮೆಯ ಧಾನ್ಯವು ಕೆಳಗಿಳಿದದ್ದೂ ಈ ಘಟ್ಟದ ಹಾದಿಗಳಲ್ಲಿಯೇ. ಬಡಗನಾಡಿನ ಕನ್ನಡದಲ್ಲಿ ದಡ್ಡಿ ಎಂಬ ಮಾತಿಗೆ ದನಕುರಿಗಳನ್ನು ಕೂಡಿಹಾಕುವ ತಾಣವೆಂಬ ಅರ್ಥವುಂಟು. ಗ್ರಾಮದ ಹೆಸರು ಅದರಿಂದಲೇ ಬಂದಿತೆಂದು ನಾವು ಹೇಳಹೊರಟಿಲ್ಲ. ಆದರೆ ಬೆಟ್ಟ ದಾಟುವ ದಂಡಿನ ವಿಚಾರವಾಗಿ ಮಾತನಾಡುವವರಿಗೆ ಅರಮನೆಯ ಗಜಶಾಲೆಗಿಂತಲೂ ಎತ್ತಿನ ದಡ್ಡಿಯು ಮೊದಲು ನೆನಪಾಗುವುದು ಯುಕ್ತವಾಗಿದೆ. ಏಕೆಂಬುದು ಮುಂದೆ ತಿಳಿದುಬರುವುದು.

ಹೇರಿನ ಎತ್ತುಗಳು ಹತ್ತಿದ ಹಾದಿಗಳನ್ನು ದಂಡುಗಳೂ ಹತ್ತಿದುವು. ಗೋವೆಯ ಕದಂಬರು ಘಟ್ಟದ ಕೆಳಗಣ ಕೊಂಕಣ ಒಂಬೈನೂರನ್ನೂ ಘಟ್ಟದ ಮೇಲಣ ಪಲಸಿಗೆ ಹನ್ನೆರಡು ಸಾಸಿರವನ್ನೂ ಒಟ್ಟಿಗೆ ಆಳಿದವರು. ಗೋಕಾಕ ಹುಕ್ಕೇರಿಗಳ ಸುತ್ತಣ ಕೂಂಡಿ ಮೂರು ಸಾಸಿರವನ್ನು ಸವದತ್ತಿಯ ರಟ್ಟರು ಆಳಿದರು. ಈ ಸೀಮೆಗಳ ಚರಿತ್ರೆಯೆಲ್ಲವೂ ಏರುವ ಇಳಿಯುವ ದಂಡುಗಳ ಚರಿತ್ರೆಯೆಂದರೆ ಹೆಚ್ಚೇನೂ ಆಗಲಾರದು. ಹೀಗಿರುವಲ್ಲಿ ಒಂದು ಪ್ರಶ್ನೆಯು ತಾನಾಗಿಯೇ ಏಳುತ್ತದೆ. ಇಷ್ಟೊಂದು ದಂಡುಗಳು ಬೆಟ್ಟಗಳನ್ನು ದಾಟಿದ ನಾಡಿನಲ್ಲಿ, ಇಷ್ಟೊಂದು ಶಿಲ್ಪಿಗಳು ಕಲ್ಲನ್ನು ಕಡೆದ ನಾಡಿನಲ್ಲಿ, ಬೆಟ್ಟವನ್ನು ದಾಟುತ್ತಿರುವ ದಂಡಿನ ಚಿತ್ರವೆಲ್ಲಿ?

ಉತ್ತರವನ್ನು ಅರಸುವ ಮುನ್ನ ಇತರ ದೇಶಗಳವರು ಈ ವಿಷಯವನ್ನು ಹೇಗೆ ಚಿತ್ರಿಸಿದರೆಂಬುದನ್ನು ಸ್ವಲ್ಪ ನೋಡೋಣ. ಬಹು ಹಿಂದಣ ಉದಾಹರಣೆಗಳಲ್ಲೊಂದು ಅಸ್ಸೀರಿಯಾ ದೇಶದ್ದು. ಕ್ರಿಸ್ತಪೂರ್ವ 9ನೆಯ ಶತಮಾನದಲ್ಲಿ ಆಳಿದ ಮೂರನೆಯ ಶಾಲ್ಮನೇಸರನೆಂಬ ಅರಸನು ತನ್ನ ದಂಡಯಾತ್ರೆಗಳನ್ನು ಕಂಚಿನ ಪಟ್ಟಿಗಳ ಮೇಲೆ ಕೊರೆಯಿಸಿ, ಬಲವಾಟ್ ಎಂಬಲ್ಲಿಯ ಹೆಬ್ಬಾಗಿಲಿಗೆ ತೊಡಿಸಿದನು. 1878ರಲ್ಲಿ ದೊರೆತ ಆ ಪಟ್ಟಿಗಳ ಮುಖ್ಯ ಭಾಗವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅಸ್ಸೀರಿಯದ ಕಲಾವಿದನು ಬೆಟ್ಟವನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒತ್ತಿದ ಗೆರೆಗಳಿಂದ ಗುರುತಿಸುತ್ತಾನೆ. ಆ ಹುರುಪೆಗಳ ಮೇಲೆ ರಥಗಳೂ ಕುದುರೆಗಳೂ ಕಾಲಾಳುಗಳೂ ಕಷ್ಟದಿಂದ ಸಾಗುತ್ತವೆ. ಅರಸನ ಜೀವಿತಕಾಲದಲ್ಲಿಯೇ, ಅರಸನ ಅಪ್ಪಣೆಯಿಂದಲೇ ಆದ ಕೆಲಸವಿದು. ಬೆಟ್ಟವನ್ನು ದಾಟಿದುದು ಬಿರುದಿಗೆ ಯೋಗ್ಯವಾದ ಕೆಲಸವೆಂದು ಆ ಅರಸನು ಬಗೆದಿದ್ದನೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಲೋಕಪ್ರಸಿದ್ಧವಾದ ಪರ್ವತಲಂಘನವೆಂದರೆ ಕಾರ್ಥೇಜಿನ ಹ್ಯಾನಿಬಾಲನದು. ಕ್ರಿಸ್ತಪೂರ್ವ 218ರಲ್ಲಿ ಅವನು ಆನೆಗಳೊಡನೆ ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಗೆ ಇಳಿದನು. ರೋನ್ ನದಿಯನ್ನು ದಾಟಿದ ಮೇಲೆ ಅವನ ಬಳಿ 38,000 ಕಾಲಾಳುಗಳೂ 8,000ಕ್ಕೆ ಮೇಲ್ಪಟ್ಟು ರಾವುತರೂ ಇದ್ದರೆಂದೂ, ಇಟಲಿಗೆ ಇಳಿದಾಗ ಉಳಿದವರು 20,000 ಕಾಲಾಳುಗಳೂ 6,000 ರಾವುತರೂ ಮಾತ್ರವೆಂದೂ ಪೊಲಿಬಿಯಸನೆಂಬ ಗ್ರೀಕ್ ಚರಿತ್ರಕಾರನು ಬರೆಯುತ್ತಾನೆ. ಹೆಚ್ಚುಕಡಮೆ ಅರ್ಧ ದಂಡು ದಾರಿಯಲ್ಲಿಯೇ ಕರಗಿತೆಂದಾಯಿತು. ಈ ಸಂಗತಿಯನ್ನು ಚಿತ್ರಿಸಿದ ಕೃತಿಗಳಲ್ಲಿ ಪ್ರಸಿದ್ಧವಾದುವು ಯಾವುವೂ ಹ್ಯಾನಿಬಾಲನ ಕಾಲದವಲ್ಲ. ರೋಮಿನ ಕ್ಯಾಪಿಟೋಲ್ ಗುಡ್ಡದ ಮೇಲಣ ಅರಮನೆಯಲ್ಲಿ ಅವನನ್ನು ಆನೆಯ ಮೇಲೆ ಕುಳ್ಳಿರಿಸಿ ತೋರಿಸುವ ಭಿತ್ತಿಚಿತ್ರವು 16ನೆಯ ಶತಮಾನದ ಮೊದಲ ಭಾಗದ್ದು. ಇಂಗ್ಲೆಂಡಿನ ಟರ್ನರನು ಬರೆದ ಹೆಸರಾದ ಚಿತ್ರವು ಪ್ರದರ್ಶನಕ್ಕೆ ಬಂದುದು 1812ರಲ್ಲಿ. ಟರ್ನರನ ಚಿತ್ರದಲ್ಲಿ ಕವಿದ ಹಿಮದ ಬಿರುಗಾಳಿಯೇ ನಾಯಕ. ಮುಂಗಡೆಯಲ್ಲಿ ಹಿಂದುಳಿದ ಸೈನಿಕರನ್ನು ಬೆಟ್ಟದ ಜನರು ಸುಲಿಯುತ್ತಿದ್ದಾರೆ. ಹ್ಯಾನಿಬಾಲನ ಆನೆಯನ್ನು ಕಾಣಬೇಕಾದರೆ ದೂರದ ಬೆಳಕಿನಲ್ಲಿ ಇರುವೆಯನ್ನು ಹುಡುಕುವಂತೆ ಹುಡುಕಬೇಕು.

ಇದಕ್ಕೆ ಹನ್ನೊಂದು ವರ್ಷಗಳ ಮೊದಲು, 1801ರಲ್ಲಿ, ಫ್ರಾನ್ಸಿನ ದಾವೀದನೆಂಬ ಚಿತ್ರಕಾರನು ಅದೇ ಆಲ್ಪ್ಸನ್ನು ನೆಪೋಲಿಯನನು ದಾಟುತ್ತಿರುವಂತೆ ಬರೆದನು. ಅಲ್ಲಿ ಕುದುರೆಯು ಮುಂಗಾಲೆತ್ತಿ ನಿಂತಿದೆ. ಸವಾರನು ನಿಶ್ಚಿಂತನಾಗಿ ಮೇಲಕ್ಕೆ ಕೈದೋರುತ್ತಾನೆ. ಕೆಳಗಣ ಬಂಡೆಯ ಮೇಲೆ ಅವನ ಹೆಸರೂ ಹ್ಯಾನಿಬಾಲನ ಹೆಸರೂ ಕೆತ್ತಿವೆ. ವಾಸ್ತವದಲ್ಲಿ ನೆಪೋಲಿಯನನು 1800ರ ಮೇ ತಿಂಗಳಿನಲ್ಲಿ ಕಣಿವೆಯನ್ನು ದಾಟಿದುದು ಹೇಸರಗತ್ತೆಯ ಮೇಲೆ. ಆ ಹೇಸರಗತ್ತೆಗೆ ಚಿತ್ರದಲ್ಲಿ ಸ್ಥಾನ ದೊರೆಯಲು, ಸುಮಾರು ಅರ್ಧ ಶತಮಾನದ ತರುವಾಯ ದೆಲರೋಶ್ ಎಂಬ ಮತ್ತೊಬ್ಬ ಚಿತ್ರಕಾರನು ಬರಬೇಕಾಯಿತು. ಬೆಟ್ಟದ ಚಿತ್ರವನ್ನು ಬರೆಯುವವನು ಯಾರ ಬೆನ್ನಿನ ಮೇಲೆ ಯಾರು ಕುಳಿತಿದ್ದರೆಂಬುದನ್ನು ಮರೆಸಬಲ್ಲನು, ನೆನಪಿಗೆ ತರಲೂ ಬಲ್ಲನು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ನಾವು ನಮ್ಮ ನಾಡಿಗೆ ಹಿಂದಿರುಗೋಣ.

ನಮ್ಮಲ್ಲಿ ಬೆಟ್ಟ ದಾಟುವ ದಂಡು ಮೊದಲು ಕಾಣಿಸಿಕೊಳ್ಳುವುದು ಶಾಸನಕವಿಗಳ ಮಾತಿನಲ್ಲಿ. ಐಹೊಳೆಯ ಮೇಗುತಿಯ ಜಿನಾಲಯದಲ್ಲಿ ಕ್ರಿಸ್ತಶಕ 634ರ ಶಾಸನವನ್ನು ರಚಿಸಿದ ರವಿಕೀರ್ತಿಯು ಇಮ್ಮಡಿ ಪುಲಿಕೇಶಿಯ ದಂಡನ್ನು ವಿಂಧ್ಯದ ಸಮೀಪಕ್ಕೆ, ರೇವಾನದಿಯ ಮಳಲ ದಿಣ್ಣೆಗಳ ಬಳಿಗೆ ಕರೆದೊಯ್ಯುತ್ತಾನೆ. ಅಲ್ಲಿ ಅವನು ಹೇಳುವ ಸಂಗತಿಯು ಗಮನಾರ್ಹವಾದುದು. ಚಾಲುಕ್ಯರ ಆನೆಗಳು ಗಾತ್ರದಲ್ಲಿ ಬೆಟ್ಟಗಳೊಡನೆ ಸ್ಪರ್ಧಿಸುವಂತಿದ್ದುದರಿಂದಲೋ ಎಂಬಂತೆ ಆ ಪ್ರದೇಶವನ್ನು ಬಿಟ್ಟು ನಡೆಯಬೇಕಾಯಿತಂತೆ. ಅಲಂಕಾರದ ಹೊದಿಕೆಯನ್ನು ಸರಿಸಿ ನೋಡಿದರೆ, ಆನೆಗಳು ಬೆಟ್ಟವನ್ನು ಹತ್ತಲಿಲ್ಲ, ಸುತ್ತಿ ಹೋದುವು ಎಂಬುದೇ ಕವಿಯು ಒಪ್ಪಿಕೊಂಡ ಮಾತು. ರಾಷ್ಟ್ರಕೂಟರ ಅಮೋಘವರ್ಷನ ಸಂಜಾನ್ ತಾಮ್ರಪಟಗಳು 871ರವು. ಅವು ಅವನ ತಂದೆಯಾದ ಮೂರನೆಯ ಗೋವಿಂದನ ಕುದುರೆಗಳು ಹಿಮವತ್ಪರ್ವತದ ಝರಿಗಳ ನೀರನ್ನು ಕುಡಿದುವೆಂದು ಕೊಂಡಾಡುತ್ತವೆ. ಕವಿಯ ಕುದುರೆಗಳಿಗೆ ದಾರಿಯ ಆಯಾಸವಿಲ್ಲ.

ಇವೆರಡಕ್ಕಿಂತಲೂ ನೆಲಕ್ಕೆ ಹತ್ತಿರವಾದುದು 1117ರ ಚಾಮರಾಜನಗರದ ಶಾಸನ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸರಾಜನು ತೋದವರನ್ನು ಬೆದರಿಸಿ, ಕೊಂಗರನ್ನು ಅಡಗಿಸಿ, ನೀಲಗಿರಿಯನ್ನು ಹೊಕ್ಕು, ಅದರ ಶಿಖರವನ್ನು ಜಯಲಕ್ಷ್ಮಿಗೆ ಒಪ್ಪಿಸಿದನೆಂದು ಅದು ಹೇಳುತ್ತದೆ. ನೀಲಗಿರಿಯ ತೋದವರ ಹೆಸರು ನಮಗೆ ತಿಳಿದಂತೆ ಮೊದಲು ಕಾಣಬರುವುದು ಈ ಕಲ್ಲಿನಲ್ಲಿಯೇ. ಹೊಯ್ಸಳರು ತಾವೇ ಮಲೆನಾಡಿನಲ್ಲಿ ಹುಟ್ಟಿದ ವಂಶದವರು. ಮಲೆಪರೊಳ್‌ಗಂಡ ಎಂಬುದು ಅವರ ಬಿರುದು. ಆದುದರಿಂದ ಬೆಟ್ಟದ ಮೇಲಣ ಗೆಲವು ಅವರಿಗೆ ಹೆಮ್ಮೆಯ ವಿಷಯವಾಗಿದ್ದುದು ಸಹಜವೇ. ಆದರೆ ಅದೇ ಶಾಸನವು ಮತ್ತೊಂದು ಮಾತನ್ನೂ ಸೇರಿಸುತ್ತದೆ. ಕೆಟ್ಟುಹೋದ ವ್ಯಾಪಾರಿಗಳೂ, ಬಿತ್ತಲು ಬೀಜವಿಲ್ಲದ ಒಕ್ಕಲಿಗರೂ, ಅಧಿಕಾರವನ್ನು ಕಳೆದುಕೊಂಡು ಊಳಿಗಕ್ಕಿಳಿದ ಕಿರಾತರೂ ಬಂದು ಬೇಡಿದಾಗ, ಅವರು ಕಳೆದುಕೊಂಡುದನ್ನು ಪುಣಿಸನು ಕೊಟ್ಟು ಕಾಪಾಡಿದನಂತೆ. ಇದು ಪ್ರಶಂಸೆಯ ಮಾತೆಂಬುದು ನಿಜ. ಆದರೂ ದಂಡು ನಡೆದುಹೋದ ಸೀಮೆಗಳಲ್ಲಿ ಹಿಂದೆ ಉಳಿಯುವುದೇನೆಂಬುದು ಈ ಪ್ರಶಂಸೆಯ ಒಳಗಿನಿಂದಲೇ ಇಣುಕುತ್ತದೆ.

ಈ ಶಾಸನಕ್ಕೆ ನಾಲ್ಕು ವರ್ಷಗಳ ತರುವಾಯ, 1121ರಲ್ಲಿ, ದೋರಸಮುದ್ರದ ಹೊಯ್ಸಳೇಶ್ವರ ದೇವಾಲಯದ ಮಾತು ಶಾಸನಗಳಲ್ಲಿ ಬರುತ್ತದೆ. ಇಂದಿನ ಹಳೇಬೀಡೇ ಅದು. ಶಾಸನಕವಿಯು ನುಡಿಯಲ್ಲಿ ಹೇಳಿದುದನ್ನು ಶಿಲ್ಪಿಯು ಕಲ್ಲಿನಲ್ಲಿ ಹೇಳಬಹುದಾಗಿದ್ದ ಅವಕಾಶವು ಇದೇ. ದೇವಾಲಯದ ಹೊರಭಿತ್ತಿಯ ತಳದಲ್ಲಿ ಆನೆಗಳ ಸಾಲು. ಅದರ ಮೇಲೆ ಸಿಂಹಗಳು, ಬಳ್ಳಿಗಳು, ರಾವುತರ ಸಾಲು, ಅದಕ್ಕೂ ಮೇಲೆ ಪುರಾಣಕಥೆಗಳ ಸಾಲು. ನೂರಾರು ಆನೆಗಳು ಒಂದರ ಹಿಂದೊಂದಾಗಿ ನಡೆಯುತ್ತವೆ. ಒಂದು ಸೊಂಡಿಲಿನಿಂದ ಮುಂದಣದರ ಬಾಲವನ್ನು ತಡವುತ್ತದೆ, ಮತ್ತೊಂದು ಮಾವುತನ ಮಾತನ್ನು ಮೀರುತ್ತದೆ. ನಕ್ಷತ್ರಾಕಾರದ ತಳಹದಿಯ ಮೂಲೆಮೂಲೆಗಳಲ್ಲಿ ಈ ಸಾಲು ಒಳಕ್ಕೆ ಮಡಿದು ಹೊರಕ್ಕೆ ತಿರುಗುವುದನ್ನು ನೋಡಿದರೆ ಘಟ್ಟದ ತಿರುವುಗಳು ಮನಸ್ಸಿಗೆ ಬಾರದಿರವು. ಆದರೆ ಅವುಗಳ ಕಾಲಡಿಯಲ್ಲಿ ಒಂದಾದರೂ ಗುಡ್ಡವಿಲ್ಲ. ನೆಲವು ಹಲಗೆಯಂತೆ ಸಮವಾಗಿದೆ. ನೀಲಗಿರಿಯ ಶಿಖರವನ್ನು ಹೊಕ್ಕ ದಂಡಿನ ಅರಸನ ಕಾಲದಲ್ಲಿ ಹುಟ್ಟಿದ ಈ ಗುಡಿಯ ಮೇಲೆ ದಂಡುಂಟು, ಏರುವ ದಾರಿಯಿಲ್ಲ.

ಬೆಟ್ಟವನ್ನು ಕಡೆಯುವ ವಿದ್ಯೆ ನಮ್ಮ ಶಿಲ್ಪಿಗಳಿಗೆ ತಿಳಿಯದೆ ಇದ್ದಿತೆಂದು ಊಹಿಸಲಾದೀತೆ? ಅದೇ ಗುಡಿಯ ಭಿತ್ತಿಯಲ್ಲಿ ಕೃಷ್ಣನು ಗೋವರ್ಧನವನ್ನು ಎತ್ತಿ ಹಿಡಿದಿದ್ದಾನೆ. ಆ ಬೆಟ್ಟದ ತುಂಬ ಮರಗಳಿವೆ, ಮೃಗಗಳಿವೆ. ಮತ್ತೊಂದೆಡೆ ರಾವಣನು ಕೈಲಾಸವನ್ನು ಹೆಗಲಿಗೇರಿಸಲು ಹೆಣಗುತ್ತಿದ್ದಾನೆ. ಮೇಲೆ ಶಿವಗಣಗಳ ಗೊಂದಲವೆಲ್ಲವೂ ಕಾಣುತ್ತದೆ. ಶಿಲ್ಪಿಯು ಬೆಟ್ಟವನ್ನು ಬಲ್ಲನು, ಬಹಳ ಚೆನ್ನಾಗಿ ಬಲ್ಲನು. ಆದರೆ ಅವನು ಬೆಟ್ಟವನ್ನು ಕಡೆಯುವುದು ಯಾರಾದರೂ ಅದನ್ನು ಹೊತ್ತಾಗ ಮಾತ್ರ. ಈ ಒಂದು ಸಂಗತಿಯನ್ನು ಗಮನಿಸಿದ ಮೇಲೆ ನಮ್ಮ ಗುಡಿಗಳ ಭಿತ್ತಿಗಳು ಬೇರೆಯಾಗಿಯೇ ಕಾಣತೊಡಗುತ್ತವೆ.

ಹೊರುವ ಈ ಬೆಟ್ಟಗಳ ಸಾಲಿನಲ್ಲಿ ಒಂದು ಇಡೀ ದಂಡೇ ಉಂಟು. ಅದು ರಾಮನ ಕಪಿಸೇನೆ. ಪಟ್ಟದಕಲ್ಲಿನ ಪಾಪನಾಥ ದೇವಾಲಯವು 8ನೆಯ ಶತಮಾನದ್ದು. ಅದರ ಹೊರಭಿತ್ತಿಯ ರಾಮಾಯಣದ ಫಲಕಗಳಲ್ಲಿ ಸೇತುಬಂಧನವೂ ಇದೆ. ಕಪಿಗಳು ಬಂಡೆಗಳನ್ನು ತಂದು ಕಡಲಿಗೆ ಹಾಕುತ್ತಿವೆ. ಚಾಲುಕ್ಯರಿಂದ ವಿಜಯನಗರದವರೆಗೆ ಈ ವಸ್ತುವು ಕನ್ನಡನಾಡಿನ ಶಿಲ್ಪಿಗಳ ಕೈಬಿಡಲಿಲ್ಲ. ಇತರ ದೇಶಗಳ ಚಿತ್ರಗಳಲ್ಲಿ ದಂಡು ಬೆಟ್ಟದ ಮೇಲೆ ಹೋಗುತ್ತದೆ. ನಮ್ಮ ಶಿಲ್ಪದಲ್ಲಿ ಬೆಟ್ಟವು ದಂಡಿನ ಮೇಲೆ, ಅಂದರೆ ದಂಡಿನ ತಲೆಯ ಮೇಲೆ, ಹೋಗುತ್ತದೆ. ಅಲ್ಲಿ ಬಂಡೆಯನ್ನು ಹೊತ್ತ ಕಪಿಗೆ ಹೆಸರಿಲ್ಲ, ಕಿರೀಟವಿಲ್ಲ. ಬಗ್ಗಿದ ಬೆನ್ನುಂಟು, ಎತ್ತಿದ ತೋಳುಗಳುಂಟು.

ಹಂಪೆಯ ಹಜಾರರಾಮ ದೇವಾಲಯದಲ್ಲಿ ಈ ಎರಡು ಬಗೆಯ ದಂಡುಗಳೂ ಒಂದೇ ಆವರಣದಲ್ಲಿ ನೋಡಲು ದೊರೆಯುತ್ತವೆ. 15ನೆಯ ಶತಮಾನದ ಮೊದಲ ಭಾಗದ ಈ ಗುಡಿಯ ಪ್ರಾಕಾರದ ಹೊರಮೈಯಲ್ಲಿ ಅರಸನ ದಂಡು ಸಾಲುಸಾಲಾಗಿ ಸಾಗುತ್ತದೆ. ಕೆಳಗೆ ಆನೆಗಳು, ಅವುಗಳ ಮೇಲಣ ಸಾಲಿನಲ್ಲಿ ಕುದುರೆಗಳು, ಅದರ ಮೇಲೆ ಆಳುಗಳು, ಇನ್ನೂ ಮೇಲೆ ನರ್ತಕಿಯರು. ಎಲ್ಲರೂ ಸಮನೆಲದ ಮೇಲೆ, ಹಬ್ಬದ ಮೆರವಣಿಗೆಯ ಠೀವಿಯಲ್ಲಿ ನಡೆಯುತ್ತಾರೆ. ಸುತ್ತಲೂ ಬಂಡೆಗಳ ಬೆಟ್ಟಗಳೇ ತುಂಬಿದ ಹಂಪೆಯಲ್ಲಿ, ಆ ಬಂಡೆಗಳಿಂದಲೇ ಸೀಳಿದ ಕಲ್ಲಿನಲ್ಲಿ, ಒಂದು ಬಂಡೆಯನ್ನೂ ತೋರಿಸದೆ ಶಿಲ್ಪಿಯು ದಂಡನ್ನು ನಡೆಸಿದ್ದಾನೆ. ಬಾಗಿಲನ್ನು ದಾಟಿ ಒಳಕ್ಕೆ ಹೋದರೆ ಗರ್ಭಗೃಹದ ಸುತ್ತಣ ಭಿತ್ತಿಗಳಲ್ಲಿ ರಾಮಾಯಣವು ಆರಂಭವಾಗುತ್ತದೆ. ಅಲ್ಲಿ ಕಪಿಗಳು ಬಂಡೆಗಳನ್ನು ಹೊರುತ್ತಿವೆ. ಹೊರಗಿರುವುದು ದಂಡಿನ ಸೊಗಸು, ಒಳಗಿರುವುದು ದಂಡಿನ ಭಾರ. ಶಿಲ್ಪಿಯು ಇದನ್ನು ಬೇಕೆಂದೇ ಹೀಗೆ ಇರಿಸಿದನೆಂದು ಸಾಧಿಸಲು ನಮ್ಮಲ್ಲಿ ಲಿಖಿತವಾದ ಆಧಾರವಿಲ್ಲ. ಆದರೆ ಹೊರಗಿನಿಂದ ಒಳಕ್ಕೆ ನಡೆದು ನೋಡಿದವರಿಗೆ ಈ ವ್ಯತ್ಯಾಸವು ತಪ್ಪದೆ ಕಾಣುವುದು.

ಆ ಭಾರವು ಕವಿಕಲ್ಪನೆಯ ಭಾರವಲ್ಲ. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಮೇಲೆ ನಡೆದ ದಂಡಯಾತ್ರೆಯನ್ನು ವರ್ಣಿಸಿದ ಪೋರ್ತುಗೀಸ್ ವರ್ತಕ ನೂನಿಜನು, ತಿತ್ತಿಗಳಲ್ಲಿ ನೀರು ಹೊತ್ತವರನ್ನು ದಾರಿಯುದ್ದಕ್ಕೂ ನಿಲ್ಲಿಸಿದ್ದರೆಂದು ಬರೆದಿದ್ದಾನೆ. ದಂಡೆಂದರೆ ಕತ್ತಿ ಹಿಡಿದವರಷ್ಟೇ ಅಲ್ಲ, ತಿತ್ತಿ ಹೊತ್ತವರು, ಮೇವು ತಂದವರು, ಹೇರಿನ ಎತ್ತುಗಳನ್ನು ಹೊಡೆದವರು ಎಲ್ಲರೂ ಸೇರಿದ ಒಂದು ನಡೆಯುವ ಊರು. ಸಮನೆಲದಲ್ಲಿ ಆನೆಯ ಗಾಂಭೀರ್ಯವು ಕಣ್ಣಿಗೆ ಬೀಳುತ್ತದೆ. ಘಟ್ಟದ ಇಕ್ಕಟ್ಟಿನ ಹಾದಿಯಲ್ಲಿ ದಂಡು ಮುಂದಕ್ಕೆ ಸಾಗುವುದೂ ಹಿಂದೆ ನಿಲ್ಲುವುದೂ ಎತ್ತಿನ ಕಾಲನ್ನೇ ಅವಲಂಬಿಸಿದೆ. ದಡ್ಡಿಯ ಮಾತನ್ನು ನಾವು ಮೊದಲೇ ಎತ್ತಿದುದು ಈ ಕಾರಣದಿಂದ.

ಇನ್ನು ಅರಸರ ಗುಡಿಗಳನ್ನು ಬಿಟ್ಟು ಹಳ್ಳಿಗಳ ಕಡೆಗೆ ಬರೋಣ. ದಂಡಿನಲ್ಲಿ ಹೋಗಿ ಮಡಿದವನ ನೆನಪಿಗೆ ನಮ್ಮವರು ನಿಲ್ಲಿಸುತ್ತಿದ್ದುದು ವೀರಗಲ್ಲು. ಇವುಗಳ ಪೈಕಿ ಬಹು ಹೆಸರಾದ ಆತಕೂರಿನ ಕಲ್ಲು ವಿಚಿತ್ರವಾದ ಕಲ್ಲು. ಮದ್ದೂರು ಸೀಮೆಯ ಆತಕೂರಿನಲ್ಲಿ ದೊರೆತು ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಬಂದ ಇದರ ಶಾಸನವು, 949ರಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನು ಹೇಳುತ್ತದೆ. ಮೈಸೂರು ಸೀಮೆಯ ಎತ್ತರದ ನೆಲದಿಂದ ತಕ್ಕೋಲದ ಬಯಲಿಗೆ ಇಳಿಯುವ ದಂಡು ಮೂಡಣ ಘಟ್ಟದ ಕಣಿವೆಗಳನ್ನು ದಾಟಲೇಬೇಕು. ಆದರೆ ಕಲ್ಲಿನ ಮೇಲೆ ಕಡೆದಿರುವುದು ಘಟ್ಟವೂ ಅಲ್ಲ, ಕಾಳಗವೂ ಅಲ್ಲ. ಒಂದು ನಾಯಿಯೂ ಒಂದು ಹಂದಿಯೂ ಅಲ್ಲಿ ಹೋರಾಡುತ್ತಿವೆ. ಕಾಳಗದಲ್ಲಿ ಮೆರೆದ ಮಣಲೆರನೆಂಬ ಭಟನು ಒಡೆಯನಿಂದ ಬೇಡಿ ಪಡೆದುದು ಕಾಳಿ ಎಂಬ ನಾಯಿಯನ್ನು. ಆ ನಾಯಿಯು ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಡುಹಂದಿಯೊಡನೆ ಸೆಣಸಿ, ಎರಡೂ ಸತ್ತುವು. ಎರಡು ಸಾಮ್ರಾಜ್ಯಗಳ ಯುದ್ಧವನ್ನು ಬರೆದ ಕಲ್ಲಿನಲ್ಲಿ ಚಿತ್ರದ ಭಾಗವು ಊರ ಹತ್ತಿರದ ಒಂದು ಗುಡ್ಡಕ್ಕೂ ಒಂದು ನಾಯಿಗೂ ಸಂದಿತು. ದೂರದ ಪರ್ವತಗಳನ್ನು ದಾಟಿ ಮರಳಿದವನಿಗೆ ನೆನಪಿನಲ್ಲಿ ಉಳಿದುದು ಅದೇ ಇರಬೇಕು.

ಘಟ್ಟದ ಕೆಳಗಣ ಕೊಂಕಣದಲ್ಲಿಯೂ ಇಂಥ ಕಲ್ಲುಗಳಿವೆ. ಮುಂಬಯಿಯ ಬೋರಿವಲಿಯ ಏಕಸರದಲ್ಲಿರುವ ವೀರಗಲ್ಲುಗಳಲ್ಲಿ ಆನೆಗಳ ಕಾಳಗವೂ ಹುಟ್ಟುಗೋಲುಗಳ ಹಡಗುಗಳ ಕಾಳಗವೂ ಉಂಟು. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಮಹಾದೇವನು ಶಿಲಾಹಾರ ಸೋಮೇಶ್ವರನ ಮೇಲೆ ನಡೆಸಿದ ಯುದ್ಧದ ನೆನಪು ಇದೆಂಬುದು ವಿದ್ವಾಂಸರ ಒಂದು ಮತ. ಈ ಮತವನ್ನು ಒಪ್ಪಿದರೆ, ಆ ಆನೆಗಳು ಘಟ್ಟವನ್ನು ಇಳಿದು ಬಂದುವಾಗಿರಬೇಕು. ಕಡಲನ್ನು ಕಡೆದ ಶಿಲ್ಪಿಯು ಇಲ್ಲಿಯೂ ಘಟ್ಟವನ್ನು ಬಿಟ್ಟಿದ್ದಾನೆ. ಅವನ ಕಣ್ಣು ದಾರಿಯ ಮೇಲಿಲ್ಲ, ದಾರಿಯ ಕೊನೆಯಲ್ಲಿ ಬಿದ್ದವನ ಮೇಲಿದೆ.

ಹಾಗಾದರೆ ವೀರಗಲ್ಲಿನಲ್ಲಿ ಬೆಟ್ಟವೇ ಇಲ್ಲವೆ? ಉಂಟು, ಆದರೆ ಬೇರೊಂದು ರೂಪದಲ್ಲಿ. ಸಾಮಾನ್ಯವಾಗಿ ವೀರಗಲ್ಲಿಗೆ ಮೂರು ಅಂಕಣಗಳಿರುತ್ತವೆ. ಕೆಳಗೆ ಕಾಳಗ. ನಡುವೆ ಮಡಿದವನನ್ನು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುವುದು. ಮೇಲೆ ಸೂರ್ಯಚಂದ್ರರ ಕೆಳಗೆ ಲಿಂಗ, ಪೂಜೆ ಮಾಡುವವನು, ಕೈಮುಗಿದ ವೀರ. ಆ ಮೇಲಣ ಅಂಕಣವೇ ಕೈಲಾಸ. ಕಲ್ಲುಬಂಡೆಗಳಿಲ್ಲದ, ಏರುದಾರಿಯಿಲ್ಲದ ಪರ್ವತವದು. ಬದುಕಿದ್ದಾಗ ಅರಸನ ಅಪ್ಪಣೆಯಿಂದ ಬೆನ್ನ ಮೇಲೆ ಗಂಟು ಹೊತ್ತು ಬೆಟ್ಟಗಳನ್ನು ಹತ್ತಿದವನನ್ನು ಕಡೆಗೊಮ್ಮೆ ಬೇರೆಯವರು ಎತ್ತಿಕೊಂಡು ಬೆಟ್ಟವನ್ನು ಹತ್ತಿಸುತ್ತಾರೆ. ನಮ್ಮ ಶಿಲ್ಪದಲ್ಲಿ ಸಾಮಾನ್ಯ ಭಟನು ತಲುಪುವ ಪರ್ವತವೆಂದರೆ ಇದೊಂದೇ. ಅದನ್ನು ಅವನಿಗೆ ಕೊಟ್ಟವರು ಹೆಚ್ಚಾಗಿ ಅವನ ಮನೆಯವರು, ಊರವರು, ಇಲ್ಲವೆ ಊರ ಒಡೆಯರು.

ಹೀಗೆ ಒಂದೇ ಸಂಗತಿಯನ್ನು ನಮ್ಮ ನಾಡು ಮೂರು ಕಡೆ ಹಂಚಿ ಇರಿಸಿದೆ. ಬೆಟ್ಟ ದಾಟಿದ ಕೀರ್ತಿಯು ಶಾಸನದ ಪದ್ಯಕ್ಕೆ ಸಂದಿತು. ಬೆಟ್ಟದ ಭಾರವು ಕಪಿಗಳ ಹೆಗಲಿಗೆ ಸಂದಿತು. ದಾಟಿಹೋದವನ ಸಾವು ವೀರಗಲ್ಲಿಗೆ ಸಂದಿತು. ಇವುಗಳಲ್ಲಿ ಒಂದನ್ನೇ ಓದಿದವರು ನಮ್ಮ ಚರಿತ್ರೆಯನ್ನು ಮೂರನೆಯ ಒಂದು ಪಾಲಿನಷ್ಟು ಮಾತ್ರ ಓದಿದಂತಾಯಿತು. ಶಾಸನಗಳು ಗ್ರಂಥಗಳಲ್ಲಿ ಅಚ್ಚಾಗಿವೆ. ದೊಡ್ಡ ಗುಡಿಗಳಿಗೆ ಕಾವಲುಂಟು. ಹಳ್ಳಿಗಳ ವೀರಗಲ್ಲುಗಳಾದರೋ ಎಷ್ಟೋ ಕಡೆ ಕೆರೆಯ ಏರಿಯಲ್ಲಿ ಹೂತು, ಬಟ್ಟೆ ಒಗೆಯುವ ಕಲ್ಲಾಗಿ, ಮೆಟ್ಟಿಲಾಗಿ ಸವೆಯುತ್ತಿವೆ. ಮೂರನೆಯ ಪಾಲು ಅಳಿದರೆ ಉಳಿಯುವುದು ಆನೆಗಳ ಮೆರವಣಿಗೆಯೊಂದೇ. ಆಗ ನಮ್ಮ ಮಕ್ಕಳು, ದಾವೀದನ ಚಿತ್ರವನ್ನು ಕಂಡು ನೆಪೋಲಿಯನನು ಕುದುರೆಯ ಮೇಲೆಯೇ ಪರ್ವತವನ್ನು ದಾಟಿದನೆಂದು ನಂಬಿದವರಂತೆ, ನಮ್ಮ ದಂಡುಗಳು ಸಮನೆಲದ ಮೇಲೆಯೇ ನಡೆದುವೆಂದು ನಂಬಿಯಾರು.

ಆದುದರಿಂದ ಹಳೇಬೀಡಿಗೋ ಹಂಪೆಗೋ ಹೋಗುವ ಶ್ರೋತೃಗಳಲ್ಲಿ ನಮ್ಮದೊಂದು ಬಿನ್ನಹ. ಆನೆಗಳ ಸಾಲನ್ನು ನೋಡಿ ಸಂತೋಷಪಡಿರಿ. ಅನಂತರ ಭಿತ್ತಿಯಲ್ಲಿ ಬಂಡೆ ಹೊತ್ತ ಒಂದು ಕಪಿಯನ್ನು ಹುಡುಕಿರಿ. ಮರಳುವ ದಾರಿಯಲ್ಲಿ ಯಾವುದಾದರೂ ಹಳ್ಳಿಯ ಮಗ್ಗುಲಲ್ಲಿ ಮೂರು ಅಂಕಣಗಳ ಕಲ್ಲು ಕಂಡರೆ ಗಾಡಿಯನ್ನು ನಿಲ್ಲಿಸಿ, ಅದು ಯಾರದೆಂದು ಊರವರನ್ನು ಕೇಳಿರಿ. ಹೆಸರು ತಿಳಿಯದೆ ಹೋಗಬಹುದು. ಆದರೂ ಕೇಳಿದವರುಂಟೆಂಬುದು ಊರಿಗೆ ತಿಳಿದರೆ, ಆ ಕಲ್ಲು ಮೆಟ್ಟಿಲಾಗದೆ ನಿಂತೀತು.